ನೀರು ತುಂಬಿದ ಹೊಂಡ, ಅದರ ದಡದ ಮಣ್ಣುಗುಡ್ಡ

ಯಲ್ಲಾಪುರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕನಾಗಿದ್ದ ಕಾಲ. 1980ರ ದಶಕದ ಮಧ್ಯಭಾಗದ ಒಂದು ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ ಮೂವತ್ತೆಂಟು ಮಕ್ಕಳನ್ನು ಕರೆದುಕೊಂಡು, ಕೆಲಸ ನಿಂತುಹೋಗಿದ್ದ ಒಂದು ಮ್ಯಾಂಗನೀಸ್ ಗಣಿಯನ್ನು ತೋರಿಸಲು ಹೋಗಿದ್ದೆ. ಕಾಡಿನ ನಡುವೆ ಬಾಯ್ತೆರೆದ ಹೊಂಡ. ಅದರೊಳಗೆ ಎರಡು ಮಳೆಗಾಲದ ನೀರು ನಿಂತು ಹಸಿರುಗಟ್ಟಿತ್ತು. ಹೊಂಡದ ಒಂದು ಬದಿಯಲ್ಲಿ, ಅದಿರನ್ನು ಆರಿಸಿ ಉಳಿದ ಕೆಂಪು ಮಣ್ಣು, ಕೊಳೆತ ಕಲ್ಲು, ಜೇಡಿಗಳನ್ನೆಲ್ಲ ಲಾರಿಯಿಂದ ಸುರಿದು ಸುರಿದು ನಾಲ್ಕಾಳೆತ್ತರಕ್ಕೂ ಮಿಗಿಲಾದ ಗುಡ್ಡವಾಗಿತ್ತು. ಗಣಿಯವರ ಮಾತಿನಲ್ಲಿ ಅದು ‘ಡಂಪು’. ಆ ಡಂಪಿನ ನೆತ್ತಿಯ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೆಳಗಿನ ನೀರನ್ನು ತೋರಿಸುತ್ತ, ನಾನು ಅದಿರಿನ ವಿಷಯ ಪಾಠ ಹೇಳಿದೆ. ಅದೇ ಜಾಗದಲ್ಲಿ ಕುಳಿತು ಅವಲಕ್ಕಿ ತಿಂದೆವು.

ಒಬ್ಬ ಹುಡುಗ ಕೇಳಿದ: “ಸರ್, ಈ ಮಣ್ಣು ಇಷ್ಟೆತ್ತರ ಸುರಿದಿದ್ದು, ಯಾಕೆ ಬೀಳೂದಿಲ್ಲ?”

“ಇಷ್ಟು ವರ್ಷ ನಿಂತಿದೆಯಲ್ಲ, ಗಟ್ಟಿಯಾಗಿದೆ” ಎಂದು ಉತ್ತರಿಸಿದೆ. ಶಿಕ್ಷಕವೃತ್ತಿಯಲ್ಲಿ ನಾನು ಕೊಟ್ಟ ತಪ್ಪು ಉತ್ತರಗಳು ಹಲವಿರಬಹುದು. ನೆನಪಿನಲ್ಲಿ ಉಳಿದು ಇರಿಯುವುದು ಇದೊಂದೇ. ಮೂರನೆಯ ವರ್ಷದ ಮಳೆಗಾಲ ಮುಗಿದ ಮೇಲೆ ಮತ್ತೆ ಅತ್ತ ಹೋದಾಗ ನಾವು ಅವಲಕ್ಕಿ ತಿಂದ ನೆತ್ತಿ ಅಲ್ಲಿರಲಿಲ್ಲ. ಅರ್ಧಚಂದ್ರಾಕಾರವಾಗಿ ಕಡಿದಂತೆ ಗುಡ್ಡದ ಒಂದು ಮಗ್ಗುಲು ಇಡಿಯಾಗಿ ನೀರಿಗಿಳಿದಿತ್ತು. ಅದು ಬಿದ್ದದ್ದನ್ನು ಕಂಡವರಿಲ್ಲ. ದನ ಕಾಯುವವರೊಬ್ಬರು ಮಾತ್ರ, ಒಂದು ಬೆಳಗ್ಗೆ ಹೊಂಡದ ನೀರು ಎದುರು ದಡದ ಮರಗಳ ಮಧ್ಯದವರೆಗೆ ಹೊಕ್ಕು ಕೆಸರು ಮೆತ್ತಿದ್ದನ್ನು ನೋಡಿದ್ದೆನೆಂದು ಹೇಳಿದರು.

ಸುರಿದ ಮಣ್ಣು ಯಾಕೆ ನಿಲ್ಲುತ್ತದೆ, ಯಾವಾಗ ಬೀಳುತ್ತದೆ, ಬೀಳುವ ಮೊದಲೇ ತಿಳಿಯಲು ಮನುಷ್ಯರು ಏನೇನು ಮಾಡಿದ್ದಾರೆ ಎಂಬುದನ್ನು ನಿವೃತ್ತಿಯ ನಂತರ ಸಿಕ್ಕಿದ್ದನ್ನೆಲ್ಲ ಓದಿ ತಿಳಿಯಲು ಯತ್ನಿಸಿದ್ದೇನೆ. ಆ ಹುಡುಗನಿಗೆ ನಾಲ್ಕು ದಶಕ ತಡವಾಗಿ ಕೊಡುವ ಉತ್ತರವೆಂದು ಈ ಬರಹವನ್ನು ಓದಿಕೊಳ್ಳಬಹುದು.

ನಮ್ಮ ಜಿಲ್ಲೆಗೆ ಗಣಿಗಳ ಹೆಸರು ಅಷ್ಟಾಗಿ ಅಂಟಿಲ್ಲ. ಶಿರಸಿ, ಸಿದ್ದಾಪುರವೆಂದರೆ ಅಡಿಕೆ, ಯಾಲಕ್ಕಿ, ಬೆಟ್ಟ, ಮಳೆ. ಆದರೆ ಶಿವಮೊಗ್ಗದಿಂದ ಗೋವೆಯವರೆಗೆ ಹಬ್ಬಿರುವ ಪುರಾತನ ಶಿಲಾಪಟ್ಟಿ ನಮ್ಮ ಘಟ್ಟದ ಮೇಲಿನ ನೆಲದಡಿಯಲ್ಲೇ ಹಾದುಹೋಗುತ್ತದೆ. ಸೂಪಾ ಸೀಮೆಯಲ್ಲಿಯೂ ಯಲ್ಲಾಪುರದ ಬಿಸಗೋಡಿನಲ್ಲಿಯೂ ಮ್ಯಾಂಗನೀಸ್ ತೆಗೆದದ್ದು ಅದರಿಂದಲೇ. ಗಣಿ ಬೇಕೋ ಕಾಡು ಬೇಕೋ ಎಂಬ ವಾದ, ಹೋರಾಟಗಳನ್ನು ಬಲ್ಲವರು ಇನ್ನೂ ಇದ್ದಾರೆ. ಆ ಚರಿತ್ರೆಯನ್ನು ಅವರೇ ಬರೆಯಬೇಕು. ನನಗಿಲ್ಲಿ ಬೇಕಾದದ್ದು ಒಂದೇ ಸಂಗತಿ: ಗಣಿ ನಿಂತಾಗ ಅದಿರು ಹೋಗಿರುತ್ತದೆ, ಕಂಪನಿಯೂ ಹೋಗಿರುತ್ತದೆ, ಹೊಂಡವೂ ಡಂಪೂ ಉಳಿದಿರುತ್ತವೆ. ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಹೊಯ್ಯುವ ಸೀಮೆಯಲ್ಲಿ ಹೊಂಡ ಬರಿದಾಗಿ ಉಳಿಯುವುದು ಸಾಧ್ಯವೇ ಇಲ್ಲ. ಮನೆ ಕಟ್ಟಲು ಚಿರೆಕಲ್ಲು ತೆಗೆದು ಬಿಟ್ಟ ಹೊಂಡಗಳೇ ನಮ್ಮಲ್ಲಿ ಕೆರೆಗಳಾಗಿವೆ.

ಮಣ್ಣಿನ ಬಲವನ್ನು ಮೊದಲು ಲೆಕ್ಕಕ್ಕೆ ತಂದವನು ನಮ್ಮ ಪಠ್ಯಪುಸ್ತಕಗಳಲ್ಲಿ ವಿದ್ಯುದಾವೇಶದ ನಿಯಮಕ್ಕಾಗಿ ಹೆಸರಾದ ಕೂಲಂಬನೇ ಎಂಬುದು ನನಗೆ ಸೋಜಿಗವಾಗಿತ್ತು. ಆತ ಫ್ರೆಂಚ್ ಸೈನ್ಯದ ಎಂಜಿನಿಯರ್. ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸುತ್ತ ವರ್ಷಗಟ್ಟಲೆ ಮಣ್ಣಿನೊಡನೆ ಹೆಣಗಿದವನು. 1773ರಲ್ಲಿ ಪ್ಯಾರಿಸಿನ ಅಕಾಡೆಮಿಗೆ ಒಪ್ಪಿಸಿದ ಪ್ರಬಂಧದಲ್ಲಿ ಅವನು ಹೇಳಿದ್ದು ಸರಳ: ಮಣ್ಣು ಜಾರದಂತೆ ತಡೆಯುವುದು ಎರಡು ಗುಣ. ಕಣಕಣಗಳು ಒಂದಕ್ಕೊಂದು ಅಂಟಿಕೊಂಡಿರುವ ಅಂಟು, ಮತ್ತು ಮೇಲಿನ ಭಾರದಿಂದ ಅವುಗಳ ನಡುವೆ ಹುಟ್ಟುವ ಘರ್ಷಣೆ. ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ಒಣ ಮರಳನ್ನೋ ಜಲ್ಲಿಯನ್ನೋ ಮೇಲಿನಿಂದ ಸುರಿದರೆ ಅದು ತನ್ನದೇ ಒಂದು ಇಳಿಜಾರಿನಲ್ಲಿ ನಿಲ್ಲುವುದು ಈ ಘರ್ಷಣೆಯಿಂದಲೇ. ಲಾರಿಯಿಂದ ಸುರಿದ ಕಲ್ಲುಮಣ್ಣಿನಲ್ಲಿ ಆ ಕೋನ ಮೂವತ್ತೈದು ಡಿಗ್ರಿಯ ಆಚೀಚೆ. ಅಂದರೆ ಡಂಪೊಂದು ಹುಟ್ಟುವಾಗಲೇ ಜಾರುವ ಅಂಚಿನಲ್ಲಿ ಹುಟ್ಟುತ್ತದೆ. ಯಾರೂ ಅದನ್ನು ತಟ್ಟಿ ಗಟ್ಟಿ ಮಾಡಿರುವುದಿಲ್ಲ. ಇದನ್ನು ತಿಳಿದಿದ್ದರೆ ನಾನು ಆ ದಿನ ನೆತ್ತಿಯ ಮೇಲೆ ಮಕ್ಕಳನ್ನು ಕೂರಿಸುತ್ತಿರಲಿಲ್ಲ.

ಅಲ್ಲಿಂದ ಮುಂದಿನ ದೊಡ್ಡ ಹೆಜ್ಜೆ ಬಿದ್ದದ್ದು ಸ್ವೀಡನ್ನಿನಲ್ಲಿ. 1916ರಲ್ಲಿ ಗೋಥೆನ್‌ಬರ್ಗ್ ಬಂದರಿನ ಹೊಸ ಧಕ್ಕೆಯೊಂದು ನೀರಿಗೆ ಜಾರಿತು. ಜಾರಿದ ಮಣ್ಣನ್ನು ಪರೀಕ್ಷಿಸಿದ ಎಂಜಿನಿಯರುಗಳಿಗೆ ಅದು ನೇರ ಗೆರೆಯಲ್ಲಿ ಜಾರಿರಲಿಲ್ಲ, ವೃತ್ತದ ಕಂಸದಂತೆ ತಿರುಗಿ ಇಳಿದಿತ್ತು ಎಂಬುದು ಕಂಡಿತು. (ನಮ್ಮ ಡಂಪಿನ ಅರ್ಧಚಂದ್ರ ಗುರುತು ನೆನಪಿಗೆ ಬರುತ್ತದೆ.) ಆ ದೇಶದ ರೈಲ್ವೆಯವರು ಮೇಲಿಂದ ಮೇಲೆ ಆಗುತ್ತಿದ್ದ ಕುಸಿತಗಳಿಂದ ಬೇಸತ್ತು ನೇಮಿಸಿದ್ದ ಆಯೋಗವು ಫೆಲೆನಿಯಸ್ ಎಂಬುವರ ನೇತೃತ್ವದಲ್ಲಿ 1922ರಲ್ಲಿ ವರದಿ ಕೊಟ್ಟಿತು. ಕಂಸದ ಮೇಲಿನ ಮಣ್ಣನ್ನು ಕಾಗದದಲ್ಲಿ ನೆಟ್ಟಗೆ ಹೋಳು ಹೋಳಾಗಿ ಸೀಳಬೇಕು. ಒಂದೊಂದು ಹೋಳಿನ ಭಾರ ಕೆಳಕ್ಕೆ ಎಳೆಯುವುದೆಷ್ಟು, ಅದರ ಬುಡದ ಘರ್ಷಣೆ, ಅಂಟು ಹಿಡಿದು ನಿಲ್ಲಿಸುವುದೆಷ್ಟು ಎಂದು ಕೂಡಬೇಕು. ಹಿಡಿಯುವ ಬಲವನ್ನು ಎಳೆಯುವ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸುರಕ್ಷತಾ ಗುಣಾಂಕ. ಅದು 1ಕ್ಕಿಂತ ಕೆಳಗಿಳಿದರೆ ಗುಡ್ಡ ನಿಲ್ಲದು. ಬಹುಕಾಲ ನಿಲ್ಲಬೇಕಾದ ಇಳಿಜಾರಿಗೆ 1.5 ಇರಲಿ ಎನ್ನುತ್ತಾರೆ. ಇಂದು ಕಂಪ್ಯೂಟರು ಕ್ಷಣದಲ್ಲಿ ಸಾವಿರಾರು ಕಂಸಗಳನ್ನು ಎಳೆದು ನೋಡಿ ಅವುಗಳಲ್ಲಿ ಅತ್ಯಂತ ದುರ್ಬಲವಾದುದನ್ನು ಹುಡುಕುತ್ತದೆ. ಆದರೆ ಲೆಕ್ಕದ ತಿರುಳು ಆ ಹೋಳುಗಳ ಲೆಕ್ಕವೇ.

ಆದರೆ ನೀರು? ಅದನ್ನು ಲೆಕ್ಕದೊಳಗೆ ಸರಿಯಾಗಿ ತಂದವರು ಪ್ರಾಗಿನಲ್ಲಿ ಹುಟ್ಟಿ, ಇಸ್ತಾಂಬುಲಿನಲ್ಲಿ ಪಾಠ ಹೇಳುತ್ತ ಪ್ರಯೋಗ ನಡೆಸಿದ ಟೆರ್ಜಾಗಿ. 1925ರಲ್ಲಿ ಪ್ರಕಟವಾದ ಅವರ ಜರ್ಮನ್ ಗ್ರಂಥದಿಂದ ಮಣ್ಣಿನ ಶಾಸ್ತ್ರ ಪ್ರತ್ಯೇಕ ಶಾಸ್ತ್ರವಾಯಿತೆನ್ನಬಹುದು. ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿ ಒತ್ತಡ ಪಡೆದಾಗ, ಮೇಲಿನ ಭಾರದ ಒಂದು ಪಾಲನ್ನು ಆ ನೀರೇ ಹೊರುತ್ತದೆ. ಕಣಗಳ ಮೇಲೆ ಬೀಳುವ ಭಾರ ಅಷ್ಟರಮಟ್ಟಿಗೆ ಕಡಿಮೆ. ಭಾರ ಕಡಿಮೆಯಾದರೆ ಘರ್ಷಣೆ ಕಡಿಮೆ. ನೀರು ಮಣ್ಣನ್ನು ಸಾಬೂನಿನಂತೆ ಜಾರುವ ಹಾಗೆ ಮಾಡುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಾಗಲ್ಲ, ಅದು ಕಣಗಳನ್ನು ಒಂದರಿಂದೊಂದು ಎತ್ತಿ ಹಿಡಿಯುತ್ತದೆ.

ಸೇವೆಯ ಕೊನೆಯ ವರ್ಷಗಳಲ್ಲಿ ಈ ಮಾತನ್ನು ತರಗತಿಯಲ್ಲಿ ತೋರಿಸಲು ಮೀನು ಸಾಕುವ ಗಾಜಿನ ತೊಟ್ಟಿಯೊಂದನ್ನು ಬಳಸುತ್ತಿದ್ದೆ. ಹೊಳೆಮರಳನ್ನು ತುಸು ಒದ್ದೆ ಮಾಡಿ ತೊಟ್ಟಿಯ ಒಂದು ಬದಿಗೆ ಒತ್ತಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಮಕ್ಕಳಿಗೆ ಭಾರೀ ನಂಬಿಕೆ: ಗಟ್ಟಿಯಾಗಿದೆ, ಸರ್! ಅನಂತರ ಇನ್ನೊಂದು ಮೂಲೆಯಿಂದ ರಬ್ಬರು ನಳಿಕೆಯಲ್ಲಿ ನೀರನ್ನು ಮೆಲ್ಲಗೆ ಬಿಟ್ಟರೆ, ನೀರು ಬುಡದಿಂದ ಏರುತ್ತಿದ್ದಂತೆ ಗೋಡೆಯ ಪಾದ ಕರಗಿ, ಮೇಲಿನದು ಒಮ್ಮೆಗೇ ಕುಸಿಯುತ್ತದೆ. ಒದ್ದೆ ಮರಳಿಗಿದ್ದದ್ದು ಸಾಲ ತಂದ ಅಂಟು. ನೀರು ತುಂಬಿದೊಡನೆ ಅದು ಮಾಯ. ಕುಸಿದ ಮರಳು ನೀರಿನಡಿಯಲ್ಲಿ ಹೊಸ ಇಳಿಜಾರು ಪಡೆದು ನಿಂತ ಮೇಲೆ, ಅದೇ ನಳಿಕೆಯಿಂದ ನೀರನ್ನು ಸರ್ರನೆ ಹೊರಗೆಳೆದರೆ ಮತ್ತೊಮ್ಮೆ ಜಾರುತ್ತದೆ. ಈ ಎರಡನೆಯ ಜಾರುವಿಕೆ ಮಕ್ಕಳಿಗೆ ಯಾವಾಗಲೂ ಅಚ್ಚರಿ ತರುತ್ತಿತ್ತು. ಹೊಂಡ ಖಾಲಿಯಾದರೆ ಅಪಾಯ ಹೋಯಿತಲ್ಲವೇ ಎಂಬುದು ಅವರ ತರ್ಕ. ಆದರೆ ಹೊರಗಿನ ನೀರು ಇಳಿದಷ್ಟು ಬೇಗ ಮಣ್ಣಿನೊಳಗಿನ ನೀರು ಇಳಿಯುವುದಿಲ್ಲ. ಒಳಗೆ ಒತ್ತಡ ಉಳಿದಿರುತ್ತದೆ, ಹೊರಗಿನಿಂದ ಆತುಕೊಂಡಿದ್ದ ನೀರಿನ ಆಸರೆ ಹೋಗಿರುತ್ತದೆ. ಬೇಡ್ತಿ ಹೊಳೆಯಂಚಿನಲ್ಲಿ ತೋಟ ಮಾಡಿದ ಹಿರಿಯರೊಬ್ಬರು ಒಮ್ಮೆ ನನ್ನೊಡನೆ ಹೇಳಿದ್ದರು: “ಮಾಸ್ತರ್ರೇ, ಹೊಳೆ ಏರುವಾಗ ದಂಡೆ ಬೀಳ್ತಿಲ್ಲೆ, ಇಳಿವಾಗ ಬೀಳ್ತು.” ಅವರು ಟೆರ್ಜಾಗಿಯ ಹೆಸರು ಕೇಳಿದವರಲ್ಲ.

ನೀರು ತುಂಬುತ್ತಿರುವ ಹೊಂಡದ ದಡದಲ್ಲಿರುವ ಡಂಪಿಗೆ ಬರುವ ಕಷ್ಟ ಇವೆಲ್ಲ ಸೇರಿದ್ದು. ಮೊದಲನೆಯದಾಗಿ, ತಟ್ಟದೆ ಸುರಿದ ಮಣ್ಣಿಗೆ ಮೊದಲ ಸಲ ನೀರು ತಾಗಿದಾಗ ಅದರ ಸಂದುಗಳು ಮುಚ್ಚಿ ರಾಶಿ ಕುಗ್ಗುತ್ತದೆ, ನೆತ್ತಿಯಲ್ಲಿ ಬಿರುಕು ಬಿಡುತ್ತದೆ. ಆಮೇಲೆ ಪಾದದ ಪ್ರಶ್ನೆ. ಮೇಲಿನ ಮಣ್ಣು ಜಾರದಂತೆ ಒತ್ತಿ ಹಿಡಿದಿರುವುದು ಪಾದದ ಮಣ್ಣಿನ ಭಾರ. ನೀರಿನಲ್ಲಿ ಮುಳುಗಿದೊಡನೆ ಆರ್ಕಿಮಿಡಿಸ್ ಹೇಳಿದಂತೆ ಅದು ಹಗುರಾಗುತ್ತದೆ, ಮೇಲಿನ ಭಾರವಾದರೋ ಹಾಗೆಯೇ ಇರುತ್ತದೆ. ಆದ್ದರಿಂದ ಪೂರ್ತಿ ಮುಳುಗಿದ ಇಳಿಜಾರಿಗಿಂತ, ಕೆಳಗಿನ ಮೂರನೆಯ ಒಂದು ಭಾಗದಷ್ಟು ಮುಳುಗಿದ ಇಳಿಜಾರೇ ಹೆಚ್ಚು ಅಪಾಯದ್ದೆಂದು ಲೆಕ್ಕ ತೋರಿಸುತ್ತದೆ. ಇನ್ನು ಡಂಪನ್ನು ಹಳೆಯ ನೆಲದ ಜೇಡಿ, ಎಲೆಗೊಬ್ಬರಗಳನ್ನು ತೆಗೆಯದೆ ಹಾಗೆಯೇ ಸುರಿದಿದ್ದರೆ ಅಡಿಯಲ್ಲೊಂದು ಜಾರುಹಲಗೆಯನ್ನು ಹಾಸಿದಂತೆಯೇ ಸರಿ. ಅಲ್ಲೊಂದು ಒರತೆ ಇತ್ತೆಂದರೆ ಕೇಳುವುದೇ ಬೇಡ.

ಒರತೆಯ ಮಾತು ಬಂದಾಗ ಅಬರ್‌ಫಾನ್ ನೆನಪಾಗದೆ ಇರದು. ವೇಲ್ಸ್ ದೇಶದ ಕಲ್ಲಿದ್ದಲ ಹಳ್ಳಿಯದು. ಹಳ್ಳಿಯ ನೆತ್ತಿಯ ಗುಡ್ಡದ ಮೇಲೆ ಗಣಿಯ ಕಸ ಸುರಿಯುತ್ತಿದ್ದರು. ಏಳನೆಯ ರಾಶಿಯನ್ನು 1958ರಲ್ಲಿ ತೊಡಗಿದರು; ನಕಾಶೆಯಲ್ಲಿ ಗುರುತಾಗಿದ್ದ ಒರತೆಯ ಮೇಲೆಯೇ ಅದು ಬೆಳೆಯಿತು. ಅದೇ ರಾಶಿ ಒಮ್ಮೆ ಜಾರಿತ್ತು. ಶಾಲೆಯ ಹಿಂದೆ ಹೀಗೆ ಸುರಿಯುವುದು ಅಪಾಯವೆಂದು ಸ್ಥಳೀಯ ಪುರಸಭೆಯ ಎಂಜಿನಿಯರರು 1963ರಲ್ಲಿಯೇ ಪತ್ರ ಬರೆದಿದ್ದರು. 1966ರ ಅಕ್ಟೋಬರ್ 21, ಶುಕ್ರವಾರ, ಅರ್ಧವಾರ್ಷಿಕ ರಜೆಯ ಹಿಂದಿನ ದಿನ, ಹಾಜರಿ ಹಾಕುವ ಹೊತ್ತು. ಒಂದು ಲಕ್ಷ ಘನಮೀಟರಿಗೂ ಮೀರಿದ ಕೆಸರು ಇಳಿದು ಪ್ಯಾಂಟ್‌ಗ್ಲಾಸ್ ಶಾಲೆಯನ್ನು ಮುಚ್ಚಿತು. ಸತ್ತವರು 144 ಮಂದಿ, ಅವರಲ್ಲಿ 116 ಮಕ್ಕಳು. ವಿಚಾರಣಾ ಮಂಡಳಿಯು ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯನ್ನೇ ಹೊಣೆಯೆಂದಿತು. 1969ರಲ್ಲಿ ಬ್ರಿಟನ್ನು ಗಣಿಯ ರಾಶಿಗಳಿಗಾಗಿಯೇ ಕಾನೂನು ಮಾಡಿತು. ಅದುವರೆಗೆ ಹೋಳುಗಳ ಲೆಕ್ಕ ಅಣೆಕಟ್ಟುಗಳಿಗೆ, ರೈಲುದಾರಿಗಳಿಗೆ ಮಾತ್ರ. ಕಸದ ರಾಶಿಗೆ ಯಾರು ಲೆಕ್ಕ ಹಾಕುತ್ತಾರೆ? ಆ ಹೋಳಿನ ಲೆಕ್ಕವನ್ನು 1955ರಲ್ಲಿ ಪರಿಷ್ಕರಿಸಿ ಹೆಸರಾಗಿದ್ದ ಲಂಡನ್ನಿನ ಬಿಷಪ್ ಅವರೂ ಅಬರ್‌ಫಾನಿನ ತಾಂತ್ರಿಕ ತನಿಖೆಯಲ್ಲಿ ಭಾಗಿಯಾದರು. ಶಾಸ್ತ್ರ ಇತ್ತು, ಪತ್ರವೂ ಇತ್ತು. ಎರಡನ್ನೂ ಆ ಗುಡ್ಡದ ಹತ್ತಿರ ಒಯ್ದವರಿರಲಿಲ್ಲ. ಹಾಜರಿ ಪುಸ್ತಕ ಹಿಡಿದು ಮೂವತ್ತು ವರ್ಷ ಕಳೆದ ನಾನು ಆ ವರದಿಯ ಸಾರಾಂಶವನ್ನು ಒಂದೇ ಸಲಕ್ಕೆ ಓದಿ ಮುಗಿಸಲಾರದೆ ಹೋದೆ.

ನೀರು ತುಂಬಿದ ಹೊಂಡಗಳ ಕಥೆ ಇತ್ತೀಚಿನದು, ಏಕೆಂದರೆ ದೊಡ್ಡ ತೆರೆದ ಗಣಿಗಳು ಮುಚ್ಚತೊಡಗಿದ್ದೇ ಇತ್ತೀಚೆಗೆ. ಜರ್ಮನಿಯ ನಾಖ್ಟರ್‌ಸ್ಟೆಟ್ ಎಂಬಲ್ಲಿ ಕಂದುಕಲ್ಲಿದ್ದಲ ಗಣಿಯನ್ನು ನಿಲ್ಲಿಸಿ, ಹೊಂಡಕ್ಕೆ ನೀರು ತುಂಬಿಸಿ, ಪ್ರವಾಸಿಗರಿಗಾಗಿ ಸರೋವರ ಮಾಡುತ್ತಿದ್ದರು. ದಡದಲ್ಲಿ, ಗಣಿಯ ಹಳೆಯ ರಾಶಿಮಣ್ಣಿನ ಮೇಲೆ, ದಶಕಗಳಿಂದ ಮನೆಗಳಿದ್ದವು. 2009ರ ಜುಲೈ 18ರ ನಸುಕಿನಲ್ಲಿ ದಡ ಮನೆಸಮೇತ ಸರೋವರಕ್ಕಿಳಿಯಿತು, ಮೂವರು ಸತ್ತರು. ನೆಲದಾಳದಲ್ಲಿ ಒತ್ತಡದಲ್ಲಿದ್ದ ಅಂತರ್ಜಲ ಮುಖ್ಯ ಕಾರಣವೆಂದು ವರ್ಷಗಳ ತನಿಖೆಯ ನಂತರ ತಜ್ಞರು ಹೇಳಿದರು. ಅಳತೆಗೆ, ಶಿಸ್ತಿಗೆ ಹೆಸರಾದ ದೇಶವದು. ಮ್ಯಾನ್ಮಾರಿನ ಹ್ಪಕಾಂತ್‌ನಲ್ಲಿ 2020ರ ಜುಲೈ 2ರಂದು ಪಚ್ಚೆಕಲ್ಲಿನಂತಹ ಜೇಡ್ ತೆಗೆಯುವ ಗಣಿಯ ಡಂಪು ಮಳೆಯಲ್ಲಿ ನೆನೆದು, ಕೆಳಗಿನ ಹೊಂಡದ ನೀರಿಗೆ ಬಿದ್ದಾಗ ಎದ್ದ ಕೆಸರಿನ ಅಲೆ 170ಕ್ಕೂ ಹೆಚ್ಚು ಜನರನ್ನು ನುಂಗಿತು. ಉಳಿಕೆಯಲ್ಲಿ ಕಲ್ಲು ಆರಿಸುತ್ತಿದ್ದ ಬಡವರು ಅವರು. ನಮ್ಮ ದೇಶದಲ್ಲಿ ಝಾರ್ಖಂಡದ ರಾಜಮಹಲ್ ಗಣಿಯಲ್ಲಿ 2016ರ ಡಿಸೆಂಬರ್ 29ರಂದು ಡಂಪು ಕುಸಿದು 23 ಕಾರ್ಮಿಕರು ಸತ್ತರು. ಅಲ್ಲಿ ಹೊಂಡದಲ್ಲಿದ್ದದ್ದು ನೀರಲ್ಲ, ಮನುಷ್ಯರು ಮತ್ತು ಯಂತ್ರಗಳು.

ಅಲೆಯ ಮಾತು ದೂರದ್ದೆಂದು ತಿಳಿಯಬೇಡಿ. ನಮ್ಮ ಬೇಡ್ತಿಯೇ ಕೆಳಗೆ ಗಂಗಾವಳಿಯಾಗಿ ಹರಿಯುವಲ್ಲಿ, ಅಂಕೋಲಾದ ಶಿರೂರಿನಲ್ಲಿ, 2024ರ ಜುಲೈ 16ರ ಬೆಳಗ್ಗೆ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಹೊಳೆಗಿಳಿದಾಗ, ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಒರೆಸಿಹಾಕಿತು. ಅಲ್ಲಿಯೂ ಜೀವ ಹೋಯಿತು. ಅದು ಗಣಿಯ ಡಂಪಲ್ಲ, ಸಹಜ ಗುಡ್ಡ. 2021ರ ಜುಲೈನಲ್ಲಿ ನಮ್ಮ ಯಲ್ಲಾಪುರದ ಕಳಚೆಯಲ್ಲಿ ತೋಟ, ರಸ್ತೆಗಳ ಸಹಿತ ಜರಿದದ್ದೂ ಸಹಜ ಇಳಿಜಾರೇ. ಬೇರು, ಬಂಡೆ, ಸಾವಿರಾರು ವರ್ಷಗಳ ಒತ್ತಡದಿಂದ ಬಿಗಿಗೊಂಡ ನೆಲವೇ ಈ ಮಳೆಗೆ ತಾಳದಿದ್ದರೆ, ಲಾರಿಯಿಂದ ಸುರಿದ ನಿನ್ನೆಯ ಮಣ್ಣಿಗೆ ಯಾವ ಭರವಸೆ?

ಕರ್ನಾಟಕದಲ್ಲಿ ಡಂಪುಗಳನ್ನು ಗಂಭೀರವಾಗಿ ಗಮನಿಸುವಂತಾದದ್ದು ಬಳ್ಳಾರಿ, ಸಂಡೂರಿನ ಹಗರಣದ ನಂತರ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಅಲ್ಲಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಂತೆ ಪ್ರತಿ ಗಣಿಯೂ ಪುನಶ್ಚೇತನ ಯೋಜನೆಗೆ ಒಳಪಡಬೇಕಾಯಿತು. ಡಂಪನ್ನು ಮೆಟ್ಟಿಲಾಗಿ ಕಡಿಯುವುದು, ಪಾದಕ್ಕೆ ಕಲ್ಲಿನ ತಡೆಗೋಡೆ, ಸುತ್ತ ಬಸಿಗಾಲುವೆ, ಮೈಮೇಲೆ ನಾರಿನ ಹಾಸು ಹೊದೆಸಿ ಹುಲ್ಲು ಬೆಳೆಸುವುದು. ಒಳ್ಳೆಯ ಕೆಲಸವೇ. ಆದರೆ ಅಲ್ಲಿಯ ಮಳೆ ನಮ್ಮದರ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಆ ಮಾದರಿಯನ್ನು ಹಾಗೆಯೇ ಘಟ್ಟಕ್ಕೆ ತಂದರೆ ಹುಲ್ಲು ಮೇಲ್ಮಣ್ಣನ್ನಷ್ಟೇ ಹಿಡಿದೀತು. ಆಳದ ಕಂಸಕ್ಕೆ ಹುಲ್ಲಿನ ಬೇರು ತಲುಪದು. ಹಸಿರಾಗಿದೆಯೆಂದು ಡಂಪನ್ನು ಮರೆಯುವುದು ನನಗೆ ಸರಿಕಾಣದು. ನಮ್ಮಲ್ಲಿ ಮೊದಲು ಬೇಕಾದದ್ದು ಒಳಗಿನ ನೀರಿನ ಮಟ್ಟವನ್ನು ಅಳೆಯುವ ಕೊಳವೆ, ಪೀಜೋಮೀಟರ್ ಎನ್ನುತ್ತಾರೆ. ಅದಿಲ್ಲದೆ ಹಾಕಿದ ಸುರಕ್ಷತಾ ಗುಣಾಂಕ ಊಹೆ.

ಕಳೆದ ಫೆಬ್ರುವರಿಯಲ್ಲಿ ಆ ಹಳೆಯ ಹೊಂಡಕ್ಕೆ ಮತ್ತೆ ಹೋಗಿದ್ದೆ. ಕರೆದೊಯ್ದವನು ಅಂದು ಪ್ರಶ್ನೆ ಕೇಳಿದ ಹುಡುಗನೇ. ಈಗ ಅವನಿಗೂ ತಲೆ ನರೆತಿದೆ, ಹೊಂಡದ ಕೆಳಗೆ ಎರಡು ಎಕರೆ ಅಡಿಕೆ ತೋಟವಿದೆ. ಬೇಸಿಗೆಯಲ್ಲಿ ಬಾವಿ ಬತ್ತುವುದರಿಂದ ಅಕ್ಕಪಕ್ಕದ ತೋಟದವರೆಲ್ಲ ಹೊಂಡಕ್ಕೆ ಪಂಪು ಇಟ್ಟಿದ್ದಾರೆ. ನಾಲ್ಕಿದ್ದವು, ಐದನೆಯದು ಇನ್ನೂ ದೊಡ್ಡದು ಇಡುವ ಮಾತಿತ್ತು. ನಾನು ಅವನಿಗೆ ಗಾಜಿನ ತೊಟ್ಟಿಯ ಪ್ರಯೋಗವನ್ನು ನೆಲದ ಮೇಲೆ ಗೀಚಿ ವಿವರಿಸಿದೆ. ಉಳಿದ ಡಂಪಿನ ನೆತ್ತಿಗೆ ಹತ್ತಿ ನೋಡಿದೆವು, ಈ ಸಲ ಅಂಚಿನಿಂದ ದೂರ ನಿಂತು. ಅಕೇಶಿಯಾ ಗಿಡಗಳ ನಡುವೆ ಇಪ್ಪತ್ತು ಮಾರು ಉದ್ದಕ್ಕೆ ಒಂದು ಬಿರುಕು, ಬಾಗಿದ ಗೆರೆಯಲ್ಲಿ ಹೊಂಡವನ್ನು ಬಳಸಿತ್ತು. ಒಂದೆರಡು ಗಿಡಗಳ ಬುಡ ಹಿಂದಕ್ಕೆ ವಾಲಿದ್ದವು. ಕೆಳಗೆ ಪಾದದ ಹತ್ತಿರ ಒಸರುವ ನೀರು ತಿಳಿಯಾಗಿತ್ತು; ಕೆಂಪಾಗತೊಡಗಿದರೆ ಹತ್ತಿರ ಹೋಗಬೇಡವೆಂದೆ.

ಸಂಬಂಧಪಟ್ಟ ಕಚೇರಿಯೊಂದಕ್ಕೆ ಊರವರ ಸಹಿ ಹಾಕಿಸಿ ಅರ್ಜಿ ಕೊಟ್ಟೆವು. ಈ ಹೊಂಡ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಉತ್ತರ ಬಂತು. ಬರುವುದು ಯಾರ ವ್ಯಾಪ್ತಿಗೆಂದು ಅದರಲ್ಲಿ ಬರೆದಿರಲಿಲ್ಲ. ಅಷ್ಟರೊಳಗೆ ಅವನು ಬಿರುಕಿನ ಎರಡೂ ಬದಿಗೆ ಮೂರು ಕಡೆ ಹೊನ್ನೆಯ ಗೂಟ ಹೊಡೆದು, ನಡುವೆ ಅಳತೆಯ ದಾರ ಕಟ್ಟಿ, ಪ್ರತಿ ಭಾನುವಾರ ಅಳೆದು ಪುಸ್ತಕದಲ್ಲಿ ಬರೆಯತೊಡಗಿದ. ಹೊಂಡದ ನೀರಿನ ಮಟ್ಟಕ್ಕೂ ಒಂದು ಬಂಡೆಯ ಮೇಲೆ ಸುಣ್ಣದ ಗೆರೆ ಎಳೆದಿದ್ದಾನೆ. ಏಪ್ರಿಲ್ ಕೊನೆಯ ಭಾನುವಾರ ಫೋನ್ ಮಾಡಿದ. ನೀರು ಗೆರೆಯಿಂದ ಒಂದಾಳು ಇಳಿದಿದೆ, ನಡುವಿನ ಗೂಟದಲ್ಲಿ ಎರಡು ಬೆರಳು ಹೆಚ್ಚಾಗಿದೆ, ಸರ್, ಎಂದ. ಮರುದಿನ ಐವರನ್ನೂ ಕೂರಿಸಿಕೊಂಡು ಮಾತಾಡಿದನಂತೆ. ಮೂರು ಪಂಪು ಎತ್ತಿದ್ದಾರೆ; ಇನ್ನೆರಡು ಒಂದು ದಿನ ಬಿಟ್ಟು ಒಂದು ದಿನ ನಡೆಯುತ್ತಿವೆ.